ಮಾಳಿಗೆ ತೆಗೆದ ನಾಲ್ಕು ಮಂದಿ

ಈ ತಿಂಗಳು ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ. ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಇನ್ನೂ ಮೂವರು ಕೇಳಿದ್ದರು. ಅವರೂ ಇದನ್ನು ತಮಗೇ ಬರೆದ ಉತ್ತರ ಅಂತ ಓದಿಕೊಳ್ಳಲಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಟೀಚರಮ್ಮ, ನನಗೆ 36 ವರ್ಷ. ಹೋದ ವರ್ಷ ನನ್ನ ತಮ್ಮ ತೀರಿಕೊಂಡ. ಆವತ್ತಿನಿಂದ ಪ್ರಾರ್ಥನೆ ಬರುತ್ತಿಲ್ಲ. ಮೊಣಕಾಲೂರುತ್ತೇನೆ, ‘ಕರ್ತನೇ’ ಅನ್ನುತ್ತೇನೆ, ಮುಂದೆ ಮಾತೇ ಇಲ್ಲ. ಗ್ಯಾಸ್ ಬುಕ್ ಮಾಡಿದೆನಾ, ಮಗನ ಯೂನಿಫಾರಂ ಒಣಗಿತಾ ಅಂತ ಮನಸ್ಸು ಎಲ್ಲೋ ಹೊರಟುಬಿಡುತ್ತದೆ. ಸಭೆಯಲ್ಲಿ ಎಲ್ಲರೂ ಕಣ್ಣೀರಿಟ್ಟು ಪ್ರಾರ್ಥಿಸುವಾಗ ನಾನು ಕಲ್ಲಿನ ಹಾಗೆ ಕೂತಿರುತ್ತೇನೆ. ನಮ್ಮ ಸಭೆಯ ಒಬ್ಬ ಅಕ್ಕ ‘ನಿನ್ನಲ್ಲಿ ಏನೋ ಗುಪ್ತ ಪಾಪ ಇದೆ, ಅರಿಕೆ ಮಾಡು’ ಅಂದರು. ನನ್ನ ನಂಬಿಕೆ ಸತ್ತುಹೋಗಿದೆಯಾ?
ಸಿರುಗುಪ್ಪದಿಂದ ಒಬ್ಬ ತಾಯಿ

ಉತ್ತರ: ತಂಗಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸತ್ತಿಲ್ಲ. ಸತ್ತಿದ್ದರೆ ನೀವು ಎರಡು ಹಾಳೆ ತುಂಬ ಬರೆದು, ಕವರಿಗೆ ಹಾಕಿ, ಅಂಟು ಹಚ್ಚಿ ನನಗೆ ಕಳಿಸುತ್ತಿರಲಿಲ್ಲ.

ಆ ಅಕ್ಕ ಹೇಳಿದ್ದನ್ನು ಓದಿ ನನಗೆ ತುಂಬಾ ಸಂಕಟ ಆಯಿತು. ತಮ್ಮನನ್ನು ಮಣ್ಣು ಮಾಡಿ ಬಂದವಳಿಗೆ ಹೇಳುವ ಮಾತಲ್ಲ ಅದು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆದು ನೋಡಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಇದು ಯಾರು ಮಾಡಿದ ಪಾಪ, ಇವನದ್ದಾ, ಇವನ ಅಪ್ಪ ಅಮ್ಮನದ್ದಾ ಅಂತ ಕೇಳಿದರು. ಎರಡೂ ಅಲ್ಲ ಅಂದರು ಯೇಸುಸ್ವಾಮಿ. ನೆಲದ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದರು. ಪಾಪದ ಲೆಕ್ಕ ಹಾಕುತ್ತಾ ನಿಂತವರು ಶಿಷ್ಯರು. ಕೈ ಕೆಸರು ಮಾಡಿಕೊಂಡವರು ಸ್ವಾಮಿ. ನಿಮ್ಮ ವಿಷಯದಲ್ಲಿ ಆ ಅಕ್ಕನ ಮಾತನ್ನು ಇಲ್ಲಿಗೇ ಬಿಡಿ. ಮತ್ತೆ ಮತ್ತೆ ತಲೆಯಲ್ಲಿ ತಿರುಗಿಸಬೇಡಿ.

ಈಗ ನನ್ನದು ಹೇಳುತ್ತೇನೆ. 2018ರ ಮಾರ್ಚಿನಲ್ಲಿ ನಮ್ಮ ಯಜಮಾನರು ಹೋದರು. ಬೆಳಿಗ್ಗೆ ಹಾಲು ತರಲು ಹೊರಟವರು ಗೇಟಿನ ಹತ್ತಿರ ಕೂತುಬಿಟ್ಟರು, ಅಷ್ಟೇ. ಅಲ್ಲಿಯವರೆಗೆ ನಮ್ಮ ಓಣಿಯಲ್ಲಿ ಯಾರಿಗೆ ಕಾಯಿಲೆ ಬರಲಿ, ಯಾರ ಮಕ್ಕಳಿಗೆ ಪರೀಕ್ಷೆ ಇರಲಿ, ‘ಟೀಚರಮ್ಮನ್ನ ಕರೀರಿ, ಪ್ರಾರ್ಥನೆ ಮಾಡ್ತಾರೆ’ ಅನ್ನುತ್ತಿದ್ದರು. ನನಗೆ ಮಾತು ಸುಲಭ. 27 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ಬಾಯಿ. ಆವತ್ತು ಆ ಬಾಯಿ ಕಟ್ಟಿಹೋಯಿತು. 11 ತಿಂಗಳು ನನ್ನಿಂದ ದೇವರ ಮುಂದೆ ಒಂದು ವಾಕ್ಯ ಬರಲಿಲ್ಲ.

ಆದರೂ ಚರ್ಚಿಗೆ ಹೋಗುತ್ತಿದ್ದೆ. ಯೇಸುಸ್ವಾಮಿಯ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದ ಲೋಟ ತೊಳೆಯುವುದು ನನ್ನ ಪಾಲಿನ ಕೆಲಸ, ಅದಕ್ಕೆ. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಮಾತಾಡುತ್ತಾ ನಿಲ್ಲುತ್ತಾರೆ. ನಾನು ಹಿಂದಿನ ಕೋಣೆಯಲ್ಲಿ ಇರುತ್ತಿದ್ದೆ. ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಗಾಜಿನ ಲೋಟಗಳು, ಒಟ್ಟು 120. ಪ್ರತಿಯೊಂದರ ತಳದಲ್ಲೂ ದ್ರಾಕ್ಷಾರಸದ ಒಂದು ಹನಿ ಒಣಗಿ ನೇರಳೆ ಬಣ್ಣದ ಉಂಗುರದ ಹಾಗೆ ಕೂತಿರುತ್ತದೆ. ಬೆರಳು ಒಳಗೆ ಹೋಗುವುದಿಲ್ಲ. ಹಳೇ ಪಂಚೆಯ ಚೂರನ್ನು ಕಡ್ಡಿಗೆ ಸುತ್ತಿ ಒಳಗೆ ತಿರುಗಿಸಬೇಕು. ನಮ್ಮ ಬೋರ್ ನೀರು ಗಡಸು, ಹಾಗೇ ಇಟ್ಟರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಕೊನೆಯ ಸಲ ಕುಡಿಯುವ ನೀರಿನಲ್ಲಿ ಜಾಲಿಸಿ, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದೆ. ಆ 11 ತಿಂಗಳಲ್ಲಿ ನಾನು ದೇವರಿಗೆ ಕೊಟ್ಟದ್ದು ಅದೊಂದೇ. ಅದರಿಂದ ಸಮಾಧಾನವೇನೂ ಸಿಗಲಿಲ್ಲ. ಕೈಗೆ ಕೆಲಸ ಇತ್ತು, ಮಾಡಿದೆ.

ಸಮಾಧಾನ ಬೇರೆ ದಾರಿಯಿಂದ ಬಂತು. ಕೌಲ್ ಬಜಾರಿನಲ್ಲಿ ನಮ್ಮ ಸಭೆಯ ಒಬ್ಬ ಹೆಂಗಸು ಇದ್ದಾರೆ. ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಾರೆ, ಪೀಸಿಗೆ ಇಷ್ಟು ಅಂತ ಕೂಲಿ. ಬಳ್ಳಾರಿಯಲ್ಲಿ ಈ ಕೆಲಸ ಮಾಡುವ ಮನೆಗಳು ಎಷ್ಟೋ ಇವೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ಯಜಮಾನರು ಹೋದ ಎರಡನೇ ವಾರದಿಂದ ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಬರುತ್ತಿದ್ದರು. ‘ಧೈರ್ಯ ತಗೊಳ್ಳಿ’ ಅಂತ ಒಂದು ದಿನವೂ ಅನ್ನಲಿಲ್ಲ. ನಮ್ಮಮ್ಮನ ದಪ್ಪಕ್ಷರದ ಸತ್ಯವೇದ, ಅಂದರೆ ಬೈಬಲ್, ತೆಗೆದುಕೊಂಡು, ಅದರ ಕೀರ್ತನೆಗಳಲ್ಲಿ ಒಂದನ್ನು ಓದಿ, ಚಾ ಕುಡಿದು ಹೋಗುತ್ತಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಸಾಲಿನ ಕೆಳಗೆ ಬೆರಳು ಸರಿಸುತ್ತಾ ಹೋಗುವರು. ಜೀನ್ಸ್ ಬಟ್ಟೆಯ ಬಣ್ಣ ಹತ್ತಿ ಬೆರಳ ತುದಿ ನೀಲಿ. ನಮ್ಮಮ್ಮನ ಸತ್ಯವೇದದ ಕೀರ್ತನೆಗಳ ಪುಟಗಳಲ್ಲಿ ಆ ನೀಲಿ ಮಸುಕು ಇವತ್ತಿಗೂ ಇದೆ.

ಒಂದು ಗುರುವಾರ 88ನೇ ಕೀರ್ತನೆ ಬಂತು. ದುಃಖದ ಕೀರ್ತನೆಗಳು ಬೇಕಾದಷ್ಟಿವೆ. ಹೆಚ್ಚಿನವು ಅಳುತ್ತಾ ಶುರುವಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88 ತಿರುಗುವುದಿಲ್ಲ. ಗೆಳೆಯರೆಲ್ಲ ದೂರ ಹೋದರು, ಉಳಿದದ್ದು ಕತ್ತಲೆ, ಅಲ್ಲಿಗೆ ಮುಗಿಯಿತು. ಆಕೆ ಓದಿ ಮುಗಿಸಿ ಪುಟ ತಿರುವಿದರು, ಮುಂದೆ ಏನಾದರೂ ಇದೆಯಾ ಅಂತ. ಮತ್ತೆ ಹಿಂದಕ್ಕೆ ಬಂದು ನೋಡಿದರು. ‘ಇಷ್ಟೇ ಐತಿ ಟೀಚರ್. ಮುಂದ ಏನೂ ಇಲ್ಲ’ ಅಂದರು. ನನಗೆ ಅಳು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಅಳು. ನನ್ನ ಬಾಯಿಂದ ಬರದೇ ಇದ್ದ ಮಾತನ್ನು ಯಾರೋ ಎಷ್ಟೋ ಶತಮಾನದ ಹಿಂದೆ ಬರೆದಿಟ್ಟಿದ್ದರು. ಅದನ್ನು ಪವಿತ್ರ ಗ್ರಂಥದಿಂದ ಯಾರೂ ಕಿತ್ತು ಹಾಕಿರಲಿಲ್ಲ.

ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ ತಂಗಿ. ನಮ್ಮ ಮಾತು ಬತ್ತಿದಾಗ ಬೇರೆಯವರ ಮಾತನ್ನು ಸಾಲ ತೆಗೆದುಕೊಳ್ಳಬಹುದು. ಬೇರೆಯವರ ನಂಬಿಕೆಯ ಮೇಲೂ ಒರಗಬಹುದು. ಅದು ಕಡಿಮೆ ದರ್ಜೆಯ ನಂಬಿಕೆ ಅಲ್ಲ.

ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ಕಪೆರ್ನೌಮಿನ ಕಥೆ ಇದೆಯಲ್ಲ, ಪಾರ್ಶ್ವವಾಯು ಆದವನನ್ನು ನಾಲ್ಕು ಮಂದಿ ಹೊತ್ತು ತಂದದ್ದು. ಬಾಗಿಲಲ್ಲಿ ಜನವೋ ಜನ. ಅವರು ಮಾಳಿಗೆ ಹತ್ತಿ, ಚಾವಣಿ ತೆಗೆದು, ಹಾಸಿಗೆ ಸಮೇತ ಅವನನ್ನು ಯೇಸುಸ್ವಾಮಿಯ ಮುಂದೆ ಇಳಿಸಿದರು. ಆರ್‌ಸಿಸಿ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದು ಹೇಗೆ ಸಾಧ್ಯ ಅಂತ ಅರ್ಥವೇ ಆಗುವುದಿಲ್ಲ. ನಮ್ಮ ಕಡೆಯವರಿಗೆ ಕೂಡಲೇ ಅರ್ಥ ಆಗುತ್ತೆ. ನಾನು ಹುಟ್ಟಿದ್ದು ಕುರುಗೋಡು ಕಡೆಯ ಒಂದು ಹಳ್ಳಿಯ ಮಣ್ಣಿನ ಮಾಳಿಗೆ ಮನೆಯಲ್ಲಿ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪು, ಅದರ ಮೇಲೆ ದಪ್ಪಗೆ ಮಣ್ಣು. ಮುಂಗಾರಿಗೆ ಮೊದಲು ನಮ್ಮಪ್ಪ ಸವಳು ಮಣ್ಣು ತಂದು ಹರಡಿ ತುಳಿಯುತ್ತಿದ್ದರು, ಸೋರಬಾರದು ಅಂತ. ನಡುವೆ ಒಂದು ಬೆಳಕಿಂಡಿ. ಗುದ್ದಲಿ ಇದ್ದರೆ ಅಂಥ ಮಾಳಿಗೆಯನ್ನು ತೆಗೆಯಬಹುದು. ಆದರೆ ಬೆವರು ಸುರಿಯುತ್ತೆ, ಕೆಳಗೆ ಕೂತವರ ತಲೆ ಮೇಲೆಲ್ಲ ಮಣ್ಣು ಉದುರುತ್ತೆ. ಯೇಸುಸ್ವಾಮಿಯ ತಲೆಯ ಮೇಲೂ ಉದುರಿರಬೇಕು. ಇದೇ ಕಥೆಯನ್ನು ಲೂಕ ಬರೆಯುವಾಗ ಹಂಚು ತೆಗೆದರು ಅನ್ನುತ್ತಾನೆ. ಅವನ ಓದುಗರ ಊರಿನಲ್ಲಿ ಹಂಚಿನ ಮನೆ ಇದ್ದವೇನೋ ಅಂತ ನನಗೆ ಅನ್ನಿಸುತ್ತದೆ.

ಇಳಿಸಿದ ಮೇಲೆ ಏನಾಯಿತು ನೋಡಿ. ರೋಗಿ ಒಂದು ಮಾತೂ ಆಡುವುದಿಲ್ಲ. ನಂಬುತ್ತೇನೆ ಅನ್ನುವುದಿಲ್ಲ, ಕಾಪಾಡು ಅನ್ನುವುದಿಲ್ಲ. ಯೇಸು ‘ಅವರ’ ನಂಬಿಕೆಯನ್ನು ನೋಡಿದರು ಅಂತ ಇದೆ. ನಾನು ವ್ಯಾಕರಣ ಕಲಿಸಿದವಳು, ಈ ಪದದ ಹತ್ತಿರ ನಿಂತೆ. ಕನ್ನಡದಲ್ಲಿ ‘ಅವರ’ ಅಂದರೆ ಗೌರವಕ್ಕೆ ಒಬ್ಬರಿಗೂ ಹೇಳಬಹುದು ಅಲ್ವಾ? ನಮ್ಮ ಸಭೆಯ ಪಾದ್ರಿ ಅಯ್ಯನವರನ್ನು ಕೇಳಿದೆ. ಗ್ರೀಕಿನಲ್ಲೂ ಬಹುವಚನವೇ ಅಂದರು. ಅವನೊಬ್ಬನ ನಂಬಿಕೆ ಅಲ್ಲ. ಗುದ್ದಲಿ ಹಿಡಿದು ಬೆವರಿದ ಆ ನಾಲ್ವರದ್ದು. ಅವನಿಗೂ ಒಳಗೆ ಸ್ವಲ್ಪ ಇದ್ದಿರಬಹುದು. ಹೆಚ್ಚಿನ ಭಾರ ಹೊತ್ತವರು ಬೇರೆಯವರು. ಆ 11 ತಿಂಗಳು ನಾನು ಹಾಸಿಗೆ ಮೇಲಿದ್ದವಳು. ನೀಲಿ ಬೆರಳಿನ ಆಕೆ ಒಂದು ಮೂಲೆ ಹಿಡಿದಿದ್ದರು.

ಆದ್ದರಿಂದ ಈಗ ಹೊಸ ಮಾತು ಹುಡುಕಬೇಡಿ. 13ನೇ ಕೀರ್ತನೆ ಓದಿ. ಆರೇ ವಚನ. ಅದನ್ನು ಬರೆದವನು ‘ಎಷ್ಟರವರೆಗೆ’ ಅಂತ ದೇವರನ್ನು ನಾಲ್ಕು ಸಲ ಕೇಳುತ್ತಾನೆ. ಬಾಯಿ ಬಿಟ್ಟು, ಕಿವಿಗೆ ಕೇಳುವ ಹಾಗೆ ಓದಿ. ಗ್ಯಾಸ್ ನೆನಪಾದರೆ ನಾಚಿಕೆ ಪಡಬೇಡಿ, ಅದನ್ನೇ ದೇವರಿಗೆ ಹೇಳಿ. ಮನೆ ನಡೆಸುವವಳ ಮನಸ್ಸಿನಲ್ಲಿ ಗ್ಯಾಸ್ ಇರದೆ ಇನ್ನೇನು ಇರುತ್ತೆ? ಏನೂ ಬರದ ದಿನ ನಿಮ್ಮ ತಮ್ಮನ ಹೆಸರು ಒಂದನ್ನು ಹೇಳಿ ಎದ್ದುಬಿಡಿ. ಸಾಕು. ಸಭೆಯಲ್ಲಿ ಬೇರೆಯವರು ಅಳುವಾಗ ನಿಮಗೆ ಅಳು ಬರಲೇಬೇಕು ಅಂತ ಇಲ್ಲ. ಅವರು ಪ್ರಾರ್ಥಿಸುತ್ತಿದ್ದಾರಲ್ಲ, ನಡುವೆ ಕೂತುಕೊಳ್ಳಿ. ಒಬ್ಬರನ್ನು, ಒಬ್ಬರೇ ಸಾಕು, ಮನೆಗೆ ಕರೆಯಿರಿ. ‘ನನಗೆ ಬೋಧನೆ ಬೇಡ, ಒಂದು ಕೀರ್ತನೆ ಓದಿ ಹೋಗಿ’ ಅಂತ ಬಾಯಿ ಬಿಟ್ಟು ಕೇಳಿ. ಕೇಳುವುದು ಕಷ್ಟ. ಆದರೂ ಕೇಳಿ.

ಇನ್ನೊಂದು. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಅಂತ ಪತ್ರದ ಕೊನೆಯಲ್ಲಿ ಸಣ್ಣಗೆ ಬರೆದಿದ್ದೀರಿ. ಅದನ್ನು ಸಣ್ಣದು ಅಂತ ಬಿಡಬೇಡಿ. ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಮಲಗಿ ‘ನನ್ನ ಪ್ರಾಣ ತೆಗೆದುಬಿಡು’ ಅಂದಾಗ ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಡಾಕ್ಟರ ಹತ್ತಿರ ಹೋಗುವುದು ಅಪನಂಬಿಕೆ ಅಲ್ಲ. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗ ಇದೆ. ಊರು ಬಿಟ್ಟು ಬರಲು ಆಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮದರ್ ತೆರೇಸಾ ತೀರಿಕೊಂಡು 10 ವರ್ಷ ಆದ ಮೇಲೆ, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಬರೆದ ಪತ್ರಗಳು ಅಚ್ಚಾದವು. ಹತ್ತಾರು ವರ್ಷ ಅವರಿಗೆ ದೇವರು ಹತ್ತಿರ ಇದ್ದಾನೆ ಅಂತ ಅನ್ನಿಸಿಯೇ ಇರಲಿಲ್ಲ ಅನ್ನುವುದು ಆಗ ಲೋಕಕ್ಕೆ ಗೊತ್ತಾಯಿತು. ಆ ವರ್ಷಗಳಲ್ಲೇ ಅವರು ಕೋಲ್ಕತ್ತದ ಬೀದಿಗಳಲ್ಲಿ ಸಾಯುತ್ತಾ ಬಿದ್ದವರನ್ನು ಎತ್ತಿ ತಂದು ನೋಡಿಕೊಂಡದ್ದು.

ಕಟ್ಟಿಹೋದ ನನ್ನ ಬಾಯಿ ಹೇಗೆ ಬಿಟ್ಟಿತು ಅಂತ ನೀವು ಕೇಳಬಹುದು. ಒಂದು ಗುರುವಾರ ನೀಲಿ ಬೆರಳಿನ ಆಕೆ ಬರಲಿಲ್ಲ, ಮಗಳ ಹೆರಿಗೆ ಅಂತ ಗಂಗಾವತಿಗೆ ಹೋಗಿದ್ದರು. ನಾಲ್ಕು ಗಂಟೆ ಆಯಿತು. ಚಾ ಇಟ್ಟೆ. ಸುಮ್ನೆ ಕೂತೆ. ಆಮೇಲೆ ಸತ್ಯವೇದ ತೆಗೆದು, ಆಕೆ ಬಿಟ್ಟ ಕಡೆಯಿಂದ, ಆಕೆಯ ಹಾಗೇ ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ‘ಆಮೆನ್’ ಅಂದೆ. ಅಷ್ಟೇ ನಡೆದದ್ದು.

ಪ್ರಶ್ನೆ: ಅಮ್ಮ, ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸದಲ್ಲಿದ್ದೇನೆ. ಶಿಫ್ಟ್ ಬದಲಾಗುತ್ತಾ ಇರುತ್ತೆ. ತಿಂಗಳಿಗೆ ಎರಡು ಭಾನುವಾರ ಆರಾಧನೆ ತಪ್ಪುತ್ತದೆ. ಸಭೆಯ ಹಿರಿಯರೊಬ್ಬರು ‘ದುಡ್ಡಿಗೋಸ್ಕರ ದೇವರ ದಿನವನ್ನು ಮಾರಿಕೊಂಡೆ’ ಅಂದರು. ಕೆಲಸ ಬಿಡಬೇಕಾ?
ರಾಯಚೂರು ಜಿಲ್ಲೆಯಿಂದ

ಉತ್ತರ: ಬಿಡಬೇಡಪ್ಪ. ಮನೆಯಲ್ಲಿ ಅಪ್ಪ ಅಮ್ಮನನ್ನು ಸಾಕುತ್ತಿದ್ದೇನೆ ಅಂತಲೂ ಬರೆದಿದ್ದೀಯ. ಅದೂ ದೇವರ ಆಜ್ಞೆಯೇ, ಹತ್ತು ಆಜ್ಞೆಗಳಲ್ಲಿ ಒಂದು.

ಆ ಹಿರಿಯರಿಗೆ ಒಂದು ಹಳೇ ಸಂಗತಿ ನೆನಪಿರಲಿಕ್ಕಿಲ್ಲ. ಭಾನುವಾರ ರಜಾ ಅನ್ನುವುದು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಹೊರಡಿಸಿದ ಆಜ್ಞೆಯಿಂದ ಬಂದದ್ದು. ಅದಕ್ಕೂ ಮೊದಲು ಸುಮಾರು 300 ವರ್ಷ ಕ್ರೈಸ್ತರಿಗೆ ಭಾನುವಾರ ಕೆಲಸದ ದಿನವೇ. ಅವರಲ್ಲಿ ಎಷ್ಟೋ ಮಂದಿ ಗುಲಾಮರು. ಯಜಮಾನ ರಜಾ ಕೊಡುತ್ತಾನಾ? ಸುಮಾರು 112ರಲ್ಲಿ, ಈಗಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ಪ್ರಾಂತ್ಯದ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಕಾಗದ ಬರೆದ. ಈ ಜನ ಗೊತ್ತಾದ ಒಂದು ದಿನ ಬೆಳಗಾಗುವ ಮೊದಲೇ ಸೇರಿ ಕ್ರಿಸ್ತನಿಗೆ ಹಾಡು ಹೇಳುತ್ತಾರೆ ಅಂತ ಅದರಲ್ಲಿದೆ. ಬೆಳಗಾದ ಮೇಲೆ ಅವರವರ ಕೆಲಸಕ್ಕೆ ಹೋಗಬೇಕಿತ್ತು, ಅದಕ್ಕೇ ಅಷ್ಟು ಬೇಗ ಅಂತ ನಾನು ತಿಳಿದಿದ್ದೇನೆ.

ನಮ್ಮ ಚರ್ಚಿನಲ್ಲಿ ಕ್ರಿಸ್‌ಮಸ್ ರಾತ್ರಿ ದೀಪಗಳು ಉರಿಯುತ್ತಿರುವಾಗ ನಿನ್ನಂಥ ಯಾರೋ ಹುಡುಗ ಡ್ಯೂಟಿಯಲ್ಲಿ ಇರುತ್ತಾನೆ. ಇನ್ನು ಮುಂದೆ ಅವನಿಗಾಗಿ ಪ್ರಾರ್ಥನೆ ಮಾಡಬೇಕು ಅಂತ ನಿನ್ನ ಕಾಗದ ಓದಿ ಅನ್ನಿಸಿತು.

ಆದರೆ ನೀನೂ ಒಂದು ಪ್ರಶ್ನೆಗೆ ನಿಜ ಹೇಳಿಕೊ. ಬಿಡುವಿರುವ ಆ ಇನ್ನೆರಡು ಭಾನುವಾರ ಹೋಗುತ್ತಿದ್ದೀಯಾ, ಇಲ್ಲ ಮಲಗಿರುತ್ತೀಯಾ? ಹೋಗುತ್ತಿದ್ದರೆ ಚಿಂತೆ ಬಿಡು. ನಿನ್ನ ಶಿಫ್ಟಿನಲ್ಲಿ ವಿಶ್ವಾಸಿಗಳು ಇನ್ನಿಬ್ಬರು ಇದ್ದರೆ ವಾರದಲ್ಲಿ ಒಂದು ದಿನ ಕ್ಯಾಂಟೀನಿನ ಹಿಂದೆ 20 ನಿಮಿಷ ಕೂತುಕೊಳ್ಳಿ. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಸೇರಿದರೆ ನಾನೂ ಅಲ್ಲಿರುತ್ತೇನೆ ಅಂತ ಸ್ವಾಮಿ ಹೇಳಿದ್ದಾರೆ. ಯಾವ ದಿನ ಅಂತ ಹೇಳಿಲ್ಲ.

ಪ್ರಶ್ನೆ: ಅಕ್ಕಾವ್ರೆ, ನನ್ನ ಸ್ವಂತ ಅಣ್ಣನ ಜೊತೆ ಆರು ವರ್ಷದಿಂದ ಮಾತಿಲ್ಲ. ಅಪ್ಪನ ನಾಲ್ಕು ಎಕರೆಯಲ್ಲಿ ನೀರಾವರಿ ಇರುವ ಭಾಗವನ್ನು ಅವನು ಇಟ್ಟುಕೊಂಡ. ತಪ್ಪು ಅವನದೇ, ಊರಿನವರನ್ನು ಬೇಕಾದರೆ ಕೇಳಿ. ಅವನು ಬಂದು ಕ್ಷಮೆ ಕೇಳಿದರೆ ಕ್ಷಮಿಸಲು ನಾನು ಸಿದ್ಧ. ಆದರೂ ಪ್ರತಿ ತಿಂಗಳು ಪ್ರಭು ಭೋಜನ ತಗೊಳ್ಳುವಾಗ ಎದೆಯಲ್ಲಿ ಏನೋ ಚುಚ್ಚುತ್ತೆ.
ಕೊಪ್ಪಳ ತಾಲ್ಲೂಕಿನಿಂದ ಒಬ್ಬ ರೈತ

ಉತ್ತರ: ಚುಚ್ಚುತ್ತಿದೆ ಅಂದರೆ ಒಳ್ಳೆಯದು ತಮ್ಮಾ. ಅದನ್ನು ಮುಚ್ಚಬೇಡಿ.

ಮತ್ತಾಯ 5ರಲ್ಲಿ ಯೇಸುಸ್ವಾಮಿ ಹೇಳುವ ಮಾತು ನಿಮಗೆ ಗೊತ್ತಿದೆ. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಅಂತ. ನಿಧಾನವಾಗಿ ಓದಿ. ಸಹೋದರನ ಮೇಲೆ ನಿನಗೆ ಏನಾದರೂ ಇದ್ದರೆ ಅಂತ ಇಲ್ಲ. ನಿನ್ನ ಮೇಲೆ ಅವನಿಗೆ ಏನಾದರೂ ಇದ್ದರೆ ಅಂತ ಇದೆ. ತಪ್ಪು ಯಾರದು ಅನ್ನುವ ಪಂಚಾಯಿತಿಯೇ ಅಲ್ಲಿ ಇಲ್ಲ. ನೆನಪಾದವನು ಎದ್ದು ಹೋಗಬೇಕು.

ಇನ್ನೊಂದು ನೋಡಿ. ಈ ಮಾತನ್ನು ಕೇಳಿಸಿಕೊಳ್ಳುತ್ತಿದ್ದವರು ಗಲಿಲಾಯದ ಜನ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ 100 ಕಿಲೋಮೀಟರಿಗೂ ಜಾಸ್ತಿ ದಾರಿ, ಕಾಲ್ನಡಿಗೆಯಲ್ಲಿ ಮೂರ್ನಾಲ್ಕು ದಿನ. ಕುರಿಯನ್ನೋ ಪಾರಿವಾಳವನ್ನೋ ಅಲ್ಲಿ ಬಿಟ್ಟು, ಅಷ್ಟು ದೂರ ವಾಪಸ್ ನಡೆದು, ಅಣ್ಣನ ಮನೆ ಬಾಗಿಲು ತಟ್ಟಿ, ರಾಜಿಯಾಗಿ, ಮತ್ತೆ ಅಷ್ಟೇ ದೂರ ಬರಬೇಕು. ನಿಮ್ಮ ಅಣ್ಣನ ಮನೆ ನಿಮ್ಮ ಓಣಿಯಲ್ಲೇ, ಮೂರನೆಯದು ಅಂತ ಬರೆದಿದ್ದೀರಿ.

ನಾನು ಸುಲಭಕ್ಕೆ ಹೇಳುತ್ತಿಲ್ಲ. ನಮ್ಮಮ್ಮ ತೀರಿಕೊಂಡ ವಾರದಲ್ಲೇ ನನ್ನ ತಂಗಿ ಅಮ್ಮನ ಹೊಲಿಗೆ ಮೆಷಿನ್ ಎತ್ತಿಕೊಂಡು ಹೋದಳು, ಒಂದು ಮಾತೂ ಕೇಳದೆ. ಆ ಮೆಷಿನ್ ತುಳಿದೇ ಅಮ್ಮ ನಮ್ಮಿಬ್ಬರನ್ನೂ ಓದಿಸಿದ್ದು. ನಾಲ್ಕು ವರ್ಷ ಅವಳ ಜೊತೆ ಮಾತು ಬಿಟ್ಟೆ. ಆ ನಾಲ್ಕು ವರ್ಷ ನಾನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕ್ಷಮೆಯ ಪಾಠ ಮಾಡಿದ್ದೇನೆ. ಅದನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ. ಕೊನೆಗೆ ಒಂದು ದಿನ ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೆಷಿನ್ ವಿಷಯ ಹೇಗೆ ಎತ್ತಬೇಕು ಅಂತ ಮಾತು ಜೋಡಿಸುತ್ತಾ ಹೋದೆ. ಬಾಗಿಲಲ್ಲಿ ಅವಳನ್ನು ನೋಡಿದಾಗ ಅದೆಲ್ಲ ಹೋಯಿತು. ‘ನಾಲ್ಕು ವರ್ಷ ಮಾತಾಡಿಸದೆ ಇದ್ದೆ. ಅದು ನನ್ನ ತಪ್ಪು’ ಅಂತ ಅಷ್ಟೇ ಬಂತು. ಅವಳು ಏನೂ ಅನ್ನಲಿಲ್ಲ. ಒಳಗೆ ಕರೆದಳು. ಮೆಷಿನ್ ಕಿಟಕಿ ಪಕ್ಕ ಇತ್ತು. ಸೂಜಿಯ ಕೆಳಗೆ ಮೊಮ್ಮಗಳ ಫ್ರಾಕು, ಅರ್ಧ ಹೊಲಿದಿದ್ದು. ಸಂಜೆ ಬಸ್ ಸ್ಟ್ಯಾಂಡಿನವರೆಗೂ ಬಂದು ಕಳಿಸಿದಳು. ಮೆಷಿನ್ ಮಾತು ಆವತ್ತೂ ಬರಲಿಲ್ಲ, ಆಮೇಲೂ ಬಂದಿಲ್ಲ. ಈಗ ಭಾನುವಾರ ಫೋನ್ ಮಾಡುತ್ತಾಳೆ. ಅಮ್ಮನ ನೆನಪು ಜಾಸ್ತಿಯಾದ ದಿನ ಆ ಮೆಷಿನ್ ನನ್ನ ಹತ್ತಿರ ಇರಬೇಕಿತ್ತು ಅಂತ ಇನ್ನೂ ಅನ್ನಿಸುತ್ತದೆ.

ಹೊಲದ ಲೆಕ್ಕ ಬೇರೆ. ಕ್ಷಮೆ ಅಂದರೆ ನಿಮ್ಮ ಪಾಲನ್ನು ಬಿಟ್ಟುಕೊಡಿ ಅಂತ ಅಲ್ಲ. ನಿಮಗೂ ಮಕ್ಕಳಿದ್ದಾರೆ. ಪಹಣಿ ತೆಗೆಸಿ, ಸರ್ವೆ ಮಾಡಿಸಿ, ಹಿರಿಯರನ್ನು ಕೂಡಿಸಿ ನ್ಯಾಯ ಕೇಳಿ. ಅದನ್ನು ಕೇಳುತ್ತಲೇ ಅಣ್ಣನನ್ನು ‘ಅಣ್ಣಾ, ಊಟ ಆಯ್ತಾ’ ಅಂತ ಮಾತಾಡಿಸಬಹುದು. ಮೊದಲ ಸಲ ಅವನು ಮುಖ ತಿರುಗಿಸಬಹುದು. ಎರಡನೇ ಸಲವೂ ಕೇಳಿ. ಮುಂದಿನ ಪ್ರಭು ಭೋಜನದ ಮುಂಚೆ ಹೋಗಿ. ಹೋಗಿ ಬಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮ ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಆರಾಧನೆಗೆ ಹೋಗುತ್ತಾಳೆ. ಕನ್ನಡ ಸತ್ಯವೇದ ಅರ್ಥ ಆಗುವುದಿಲ್ಲ ಅಂತಾಳೆ. ನಮ್ಮಿಂದ, ನಮ್ಮ ಸಭೆಯಿಂದ ದೂರ ಆಗುತ್ತಿದ್ದಾಳೆ ಅಂತ ಭಯ.
ಬಳ್ಳಾರಿಯಿಂದ ಒಬ್ಬ ತಾಯಿ

ಉತ್ತರ: ದೂರ ಆಗಿಲ್ಲಮ್ಮ, ಆರಾಧನೆಗೆ ಹೋಗುತ್ತಿದ್ದಾಳಲ್ಲ.

ನೀವು ಇರುವ ಊರು ಯಾವುದು ಅಂತ ನೆನಪಿಸಿಕೊಳ್ಳಿ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ನೆಲೆಸಿದ್ದು ನಮ್ಮ ಬಳ್ಳಾರಿಯಲ್ಲಿ. ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಅವರು ವರ್ಷಗಟ್ಟಲೆ ಇಲ್ಲಿ ಕೂತರು. ಅಚ್ಚಾದ ಕನ್ನಡ ನಿಘಂಟು ಆಗಿನ್ನೂ ಇರಲಿಲ್ಲ. ಅವರ ಜೊತೆಗಾರ ವಿಲಿಯಂ ರೀವ್ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದದ್ದು 1832ರಲ್ಲಿ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಬಳ್ಳಾರಿಯ ಬಿಸಿಲಲ್ಲಿ ಕೂತು, ಒಂದೊಂದು ಪದಕ್ಕೂ ಇಲ್ಲಿಯ ಜನರನ್ನು ಕೇಳಿ ಕೇಳಿ ಮಾಡಿದ ಕೆಲಸ ಅದು. ತನ್ನ ಭಾಷೆ ಬಿಟ್ಟು ನಮ್ಮ ಭಾಷೆಗೆ ಬಂದವರಿಂದ ನಮಗೆ ಸುವಾರ್ತೆ ಸಿಕ್ಕಿತು. ನಿಮ್ಮ ಮಗಳು ಇನ್ನೊಂದು ಭಾಷೆಗೆ ಹೋದರೆ ದೇವರಿಗೆ ಕೇಳಿಸದೆ ಇರುತ್ತಾ?

ನಮ್ಮಮ್ಮನ ಮನೆಮಾತು ತೆಲುಗು. ಚರ್ಚಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದರು. ನನಗೆ ಜ್ವರ ಬಂದು ಭಯ ಆದಾಗ ಹಾಸಿಗೆ ಪಕ್ಕ ಕೂತು ತೆಲುಗಿನಲ್ಲಿ ಪ್ರಾರ್ಥಿಸುತ್ತಿದ್ದರು. ಭಯಕ್ಕೆ ಯಾವ ಭಾಷೆ ಬರುತ್ತದೋ ಅದು ಒಳಗಿನ ಭಾಷೆ. ನಿಮ್ಮ ಮಗಳಿಗೆ ಅದು ಇನ್ನೂ ಕನ್ನಡವೇ ಇರಬಹುದು. ವಾದ ಮಾಡಬೇಡಿ. ವಾರಕ್ಕೆ ಒಂದು ಸಲ, ಒಂದು ಕೀರ್ತನೆಯನ್ನು ನಿಮ್ಮ ದನಿಯಲ್ಲೇ ಓದಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಹಿಂದೆ ಕುಕ್ಕರ್ ಕೂಗುವ ಸದ್ದು ಬಂದರೂ ಅಳಿಸಬೇಡಿ.

ಪ್ರಶ್ನೆ: ಮೇಡಂ, ನಾನು ಕ್ರೈಸ್ತಳಲ್ಲ, ಡಿಗ್ರಿ ಎರಡನೇ ವರ್ಷ. ನಿಮ್ಮ ಅಂಕಣ ಓದುತ್ತೇನೆ. ನನ್ನ ಕ್ಲೋಸ್ ಫ್ರೆಂಡ್ ಕ್ರೈಸ್ತಳು. ಅವಳ ಅಪ್ಪ ಹೋದ ವಾರ ತೀರಿಕೊಂಡರು. ಅವರ ಮನೆಗೆ ಹೋಗಬೇಕು, ಆದರೆ ಅವರ ಧರ್ಮದಲ್ಲಿ ಇಂಥ ಸಮಯದಲ್ಲಿ ಏನು ಹೇಳಬೇಕು ಅಂತ ಗೊತ್ತಿಲ್ಲ. ತಪ್ಪು ಮಾತಾಡಿಬಿಟ್ಟರೆ ಅಂತ ಹೆದರಿಕೆ.
ಸಿಂಧನೂರಿನಿಂದ

ಉತ್ತರ: ಮಗಳೇ, ಏನೂ ಹೇಳಬೇಕಾಗಿಲ್ಲ. ನಮ್ಮ ಸತ್ಯವೇದದಲ್ಲಿ ಯೋಬ ಅಂತ ಒಬ್ಬನ ಕಥೆ ಇದೆ. ಒಂದೇ ದಿನ ಮಕ್ಕಳು, ಆಸ್ತಿ ಎಲ್ಲ ಹೋಯಿತು. ಆಮೇಲೆ ಮೈತುಂಬ ಹುಣ್ಣು. ಮೂವರು ಗೆಳೆಯರು ನೋಡಲು ಬಂದರು. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಅವನ ನೋವು ನೋಡಿ ಒಬ್ಬರೂ ಮಾತಾಡಲಿಲ್ಲ. ಅಲ್ಲಿಯವರೆಗೆ ಅವರು ಒಳ್ಳೇ ಗೆಳೆಯರು. ಎಂಟನೇ ದಿನದಿಂದ ಅವನಿಗೆ ಯಾಕೆ ಹೀಗಾಯಿತು ಅಂತ ವಿವರಿಸಲು ಶುರುಮಾಡಿದರು. ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾದ.

ಆದ್ದರಿಂದ ಹೋಗು, ಪಕ್ಕದಲ್ಲಿ ಕೂತುಕೊ. ಅವರು ಪ್ರಾರ್ಥನೆ ಮಾಡಿದರೆ ಸುಮ್ನೆ ಕೂತಿರು, ನೀನೂ ಹೇಳಲೇಬೇಕು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅವಳು ಅಪ್ಪನ ಬಗ್ಗೆ ಮಾತಾಡಿದರೆ ಕೇಳಿಸಿಕೊ. ನಿನಗೆ ಅವರ ಅಪ್ಪನ ಒಂದು ನೆನಪಿದ್ದರೆ, ಸ್ಕೂಟರಿನಲ್ಲಿ ಇಬ್ಬರನ್ನೂ ಕಾಲೇಜಿಗೆ ಬಿಟ್ಟದ್ದೋ, ಮಿರ್ಚಿ ಕೊಡಿಸಿದ್ದೋ, ಅದನ್ನು ಹೇಳು. ಅದಕ್ಕಿಂತ ಒಳ್ಳೇ ಮಾತು ನನಗೂ ಗೊತ್ತಿಲ್ಲ.

ಹೋಗುವಾಗ ಅಮ್ಮನ ಕೈಲಿ ನಾಲ್ಕು ಜೋಳದ ರೊಟ್ಟಿ, ಸ್ವಲ್ಪ ಪಲ್ಯ ಮಾಡಿಸಿಕೊಂಡು ಹೋಗು. ಮೊದಲ ವಾರ ಎಲ್ಲರೂ ತರುತ್ತಾರೆ, ಎರಡನೇ ವಾರ ಯಾರೂ ತರುವುದಿಲ್ಲ. ನೀನು ಹೋಗುವುದು ಎರಡನೇ ವಾರ, ಸರಿಯಾದ ಹೊತ್ತೇ. ಡಬ್ಬಿಯನ್ನು ವಾಪಸ್ ತರಬೇಡ, ಅಲ್ಲೇ ಬಿಟ್ಟು ಬಾ. ಅದನ್ನು ತರಲು ಇನ್ನೊಂದು ಸಲ ಹೋಗಬಹುದು.